‘ಹಾಕ್ಕೊಂಡೀನಿ ತಮ್ಮಾ’: ಕಣ್ಣಿನ ಹನಿಯೊಂದರ ನೂರೈವತ್ತು ವರ್ಷ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿನ ಅನುಕೂಲಕ್ಕೆ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಯಾದಗಿರಿಯಿಂದ ಮಾತಾಡ್ತಿದ್ದೀನಿ. ಈ ಪಾಡ್‌ಕಾಸ್ಟ್ ಕೇಳೋರಿಗೆ ಗೊತ್ತು, ನಾನು ಸಾಮಾನ್ಯವಾಗಿ ಕೋಟೆ, ಬಾವಿ, ನಿಜಾಮರ ಕಾಲದ ಕಂದಾಯ ಅಂತ ಹಳೇ ಕಾಗದಗಳ ಹಿಂದೆ ಬಿದ್ದಿರ್ತೀನಿ. ಇವತ್ತಿನ ವಸ್ತು ಕೋಟೆಗಿಂತ ಬಹಳ ಸಣ್ಣದು. ಎರಡೂವರೆ ಎಂಎಲ್ ಹಿಡಿಯುವ ಒಂದು ಪ್ಲಾಸ್ಟಿಕ್ ಬಾಟಲಿ, ಗ್ಲಾಕೋಮಾ ಇರುವವರು ಕಣ್ಣಿಗೆ ಹಾಕ್ಕೊಳ್ಳುವ ಹನಿಯದು.

ಹೋದ ವರ್ಷ ನಮ್ಮ ಮುತ್ಯಾ ತೀರಿಕೊಂಡ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತೀವಿ, ಪ್ರೀತಿಗೆ ಏಕವಚನದಲ್ಲೇ ಮಾತಾಡ್ತೀವಿ. ದಿನಕರ್ಮ ಎಲ್ಲಾ ಮುಗಿದ ಮೇಲೆ ಶಹಾಪುರದ ಹತ್ತಿರ ಇರೋ ನಮ್ಮೂರ ಮನೆಯಲ್ಲಿ ಅವನ ಟ್ರಂಕ್ ತೆಗೆದ್ವಿ. ಪಹಣಿ, ಸೊಸೈಟಿಯ ಪಾಸ್‌ಬುಕ್, ಉಟ್ಟು ಬಿಟ್ಟ ಎರಡು ಧೋತರ. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ, ಬಾಯಿಗೆ ಗಂಟು. ಒಳಗೆ ಏಳು ಬಾಟಲಿ. ಐದರ ಸೀಲೇ ಒಡೆದಿರಲಿಲ್ಲ.

ಆ ಏಳೂ ಬಾಟಲಿ ನಾನೇ ತಂದುಕೊಟ್ಟಿದ್ದು. ನಾನು ಬಿಕಾಂ ಓದಿದವನು, ವರ್ಷದ ಕೊನೆಯಲ್ಲಿ ಉಳಿದ ಸ್ಟಾಕ್ ಎಣಿಸೋದು ಕಲಿತವನು. ಟ್ರಂಕಿನ ಮುಂದೆ ಕೂತು ಎಣಿಸಿದೆ. ತಿಂಗಳಿಗೆ ಒಂದು ಬಾಟಲಿ ಅಂದ್ರೆ ಏಳು ತಿಂಗಳು. ಆ ಏಳು ತಿಂಗಳೂ ನಾನು ಫೋನ್ ಮಾಡಿ ಕೇಳ್ತಿದ್ದೆ, “ಮುತ್ಯಾ, ಡ್ರಾಪ್ಸ್ ಹಾಕ್ಕೊಂಡೇನು?” ಅವನು ಪ್ರತಿ ಸಲ ಅಂತಿದ್ದ, “ಹಾಕ್ಕೊಂಡೀನಿ ತಮ್ಮಾ.”

ಮೊದಲು ಸಿಟ್ಟು ಬಂತು. ಮುದುಕ ಸುಳ್ಳು ಹೇಳಿದ, ಹಟಮಾರಿ, ಹಳ್ಳಿ ಮಂದಿ ಬುದ್ಧಿನೇ ಇಷ್ಟು ಅಂತೆಲ್ಲ ಅನ್ಕೊಂಡೆ. ಆಮೇಲೆ ಈ ಹನಿಯ ಇತಿಹಾಸ ಓದೋಕೆ ಶುರು ಮಾಡಿದೆ. ಓದ್ತಾ ಹೋದ ಹಾಗೆ ಆ ಸಿಟ್ಟು ನನ್ನ ಕಡೆಗೇ ತಿರುಗಿತು. ಯಾಕೆ ಅಂತ ಹೇಳೋದಕ್ಕೇ ಈ ಸಂಚಿಕೆ.

ಕಾಣದೆ ಬರುವ ಕತ್ತಲೆ

ಮೊದಲು ಕಾಯಿಲೆ ಏನು ಅಂತ ಎರಡು ಮಾತು. ಕಣ್ಣಿನ ಒಳಗೆ ನೀರಿನಂಥ ಒಂದು ದ್ರವ ಸದಾ ಹುಟ್ಟುತ್ತಾ ಇರುತ್ತೆ, ಸದಾ ಹೊರಗೆ ಹರಿದುಹೋಗ್ತಾ ಇರುತ್ತೆ. ನಮ್ಮ ಹೊಲದ ಕಾಲುವೆ ಇದ್ದ ಹಾಗೆ. ಹೊರಹೋಗುವ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತೆ. ಆ ಒತ್ತಡಕ್ಕೆ, ಕಣ್ಣಿನಿಂದ ಮೆದುಳಿಗೆ ಸುದ್ದಿ ಒಯ್ಯುವ ನರ ಸ್ವಲ್ಪ ಸ್ವಲ್ಪವಾಗಿ ಸಾಯುತ್ತೆ. ಒತ್ತಡ ಎಲ್ಲರ ಲೆಕ್ಕದಲ್ಲಿ ಮಾಮೂಲಿ ಇದ್ದರೂ ಕೆಲವರ ನರ ಹಾಳಾಗುವುದುಂಟು. ಸತ್ತ ನರ ಮತ್ತೆ ಹುಟ್ಟಲ್ಲ.

ಮುಖ್ಯವಾದ ಮಾತು ಏನಂದ್ರೆ, ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯಲ್ಲ. ದೃಷ್ಟಿ ಅಂಚಿನಿಂದ ಹೋಗ್ತಾ ಬರುತ್ತೆ. ನಡುವಿನದು ಕೊನೆಯವರೆಗೂ ಉಳಿದಿರುತ್ತೆ. ಹಾಗಾಗಿ ಎದುರಿನ ಮನುಷ್ಯನ ಮುಖ ಕಾಣುತ್ತೆ, ಪಕ್ಕದಿಂದ ಬರುವ ಬೈಕ್ ಕಾಣಲ್ಲ. ನಮ್ಮ ಮುತ್ಯಾ ಶಹಾಪುರ ಬಸ್‌ಸ್ಟ್ಯಾಂಡಿನ ಮುಂದೆ ಒಬ್ಬ ಹುಡುಗನ ಬೈಕಿಗೆ ಅಡ್ಡ ಹೋಗಿ ಬಿದ್ದ. ಬಿದ್ದವನು ಎದ್ದು ಆ ಹುಡುಗನಿಗೇ ಬೈದ, “ಹಾರನ್ ಹೊಡಿಯಾಕ್ ಬರಲ್ಲೇನ್ ನಿನಗ?” ನಾವೂ ಹುಡುಗನದೇ ತಪ್ಪು ಅನ್ಕೊಂಡ್ವಿ. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ಬಡಿಯೋದು ಶುರುವಾಯ್ತು. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಒಂದು ಕಣ್ಣು ಮುಕ್ಕಾಲು ಹೋಗಿತ್ತು.

ಇದು ನಮ್ಮ ಮನೆಯದೊಂದೇ ಕಥೆ ಅಲ್ಲ. ಪಕ್ಕದ ತಮಿಳುನಾಡಿನ ಹಳ್ಳಿಗಳಲ್ಲಿ ನಡೆದ ಚೆನ್ನೈ ಗ್ಲಾಕೋಮಾ ಅಧ್ಯಯನದಲ್ಲಿ ಈ ಬಗೆಯ ಕಾಯಿಲೆ ಇದ್ದ 100ರಲ್ಲಿ 98 ಜನಕ್ಕೆ ತಮಗೆ ಅದು ಇದೆ ಅಂತಲೇ ತಿಳಿದಿರಲಿಲ್ಲ. 2010ರ ಒಂದು ಅಂದಾಜಿನ ಪ್ರಕಾರ 40 ದಾಟಿದ ಭಾರತೀಯರಲ್ಲಿ 1 ಕೋಟಿ 12 ಲಕ್ಷ ಜನಕ್ಕೆ ಗ್ಲಾಕೋಮಾ ಇದೆ. ಅಂದರೆ ಕೈಯಲ್ಲಿ ಬಾಟಲಿ ಹಿಡಿದವರು ಬಹಳ ಕಮ್ಮಿ ಮಂದಿ. ಆ ಕಮ್ಮಿ ಮಂದಿಯಲ್ಲೂ ಹನಿ ಹಾಕದೇ ಬಿಡೋರು ಎಷ್ಟು, ಯಾಕೆ ಬಿಡ್ತಾರೆ ಅನ್ನೋದು ಇವತ್ತಿನ ಪ್ರಶ್ನೆ.

ಸುರಪುರದ ಸಾಹೇಬ ಮತ್ತು 1876

ಈಗ ಸುರಪುರಕ್ಕೆ ಬನ್ನಿ. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್, 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಮೇಲ್ವಿಚಾರಣೆಗೆ ಬಂದ ಬ್ರಿಟಿಷ್ ಅಧಿಕಾರಿ. ರಾಜಾ ವೆಂಕಟಪ್ಪ ನಾಯಕ ಆಗ ಬಾಲಕ. 1858ರಲ್ಲಿ ಅದೇ ರಾಜ ಇಂಗ್ಲಿಷರ ವಿರುದ್ಧ ಎದ್ದ ಕಥೆ ನಿಮಗೆಲ್ಲ ಗೊತ್ತು, ಅದಕ್ಕೆ ಬೇರೆ ಸಂಚಿಕೆಯೇ ಬೇಕು. ಇವತ್ತು ನನಗೆ ಬೇಕಾಗಿರೋದು ಟೇಲರ್‌ನ ಕೊನೆಯ ದಿನಗಳು.

ನಿವೃತ್ತಿಯಾಗಿ ವಾಪಸ್ ಹೋದ ಟೇಲರ್‌ಗೆ 1875ರ ಹೊತ್ತಿಗೆ ದೃಷ್ಟಿ ಕೈಕೊಟ್ಟಿತು. ಚಳಿಗಾಲಕ್ಕೆ ಹಿಂದೂಸ್ತಾನ ಒಳ್ಳೆಯದು ಅನ್ನೋ ಸಲಹೆ ಕೇಳಿ ಮತ್ತೆ ಇಲ್ಲಿಗೆ ಬಂದ. ಜ್ವರ ಹತ್ತಿತು. ವಾಪಸ್ ಹೋಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂತೋನ್‌ನಲ್ಲಿ ತೀರಿಕೊಂಡ. ಅವನಿಗೆ ಗ್ಲಾಕೋಮಾ ಇತ್ತು ಅಂತ ನಾನು ಹೇಳ್ತಿಲ್ಲ. ಆ ವರ್ಷ ಮಾತ್ರ ನೋಡಿ ಅಂತ ಹೇಳ್ತಿದ್ದೀನಿ.

ಯಾಕಂದ್ರೆ ಅದೇ 1876ರಲ್ಲಿ ಸ್ಟ್ರಾಸ್‌ಬರ್ಗ್‌ನ ಕಣ್ಣಿನ ವೈದ್ಯ ಲುಡ್ವಿಗ್ ಲಾಕ್ವೆರ್ ಒಂದು ಹೊಸ ಸುದ್ದಿ ಪ್ರಕಟಿಸಿದ. ಪಶ್ಚಿಮ ಆಫ್ರಿಕಾದ ಕಲಬಾರ್ ಅನ್ನೋ ಕಡೆ ಒಂದು ವಿಷದ ಕಾಳು ಸಿಗ್ತಿತ್ತು. ತಪ್ಪು ಮಾಡಿದ್ದಾರೋ ಇಲ್ಲವೋ ಅಂತ ಪರೀಕ್ಷೆ ಮಾಡೋಕೆ ಆರೋಪಿಗೆ ಅದನ್ನು ತಿನ್ನಿಸ್ತಿದ್ದರು. ಆ ಕಾಳಿನಿಂದ ತೆಗೆದ ಔಷಧದ ಹನಿ ಹಾಕಿದರೆ ಕಣ್ಣಿನ ಒತ್ತಡ ಇಳಿಯುತ್ತೆ ಅಂತ ಲಾಕ್ವೆರ್ ಬರೆದ. ಅದರ ಬೆನ್ನಲ್ಲೇ ಅಡಾಲ್ಫ್ ವೆಬರ್ ಅನ್ನೋ ಇನ್ನೊಬ್ಬ ಜರ್ಮನ್ ವೈದ್ಯ ಬ್ರೆಜಿಲ್ ಕಡೆಯ ಒಂದು ಗಿಡದಿಂದ ತೆಗೆದ ಪೈಲೋಕಾರ್ಪಿನ್ ಹನಿಯನ್ನು ತಂದ.

ಅದಕ್ಕೂ ಸುಮಾರು 20 ವರ್ಷ ಮೊದಲು, 1857ರಲ್ಲಿ, ಬರ್ಲಿನ್‌ನ ಫೋನ್ ಗ್ರೇಫೆ ಗ್ಲಾಕೋಮಾಕ್ಕೆ ಶಸ್ತ್ರಚಿಕಿತ್ಸೆ ಕಂಡುಹಿಡಿದಿದ್ದ. ಅಲ್ಲಿವರೆಗೆ ಕಣ್ಣು ಉಳಿಸೋ ಕೆಲಸ ವೈದ್ಯನ ಕೈಯಲ್ಲಿತ್ತು. 1876ರಿಂದ ಅದು ರೋಗಿಯ ಕೈಗೆ ಬಂತು, ದಿನಾ, ಸಾಯೋವರೆಗೆ.

ಲಾಕ್ವೆರ್‌ನ ಬಗ್ಗೆ ಇನ್ನೊಂದು ವಿಷಯ ಉಂಟು, ಇದು ನನಗೆ ಬಹಳ ಹಿಡಿಸಿತು. ಅವನಿಗೇ ಗ್ಲಾಕೋಮಾ ಇತ್ತು. ತನ್ನ ಕಣ್ಣಿಗೆ ತಾನೇ ಹನಿ ಹಾಕಿಕೊಂಡವನು. ಮುಂದೆ ಅವನೂ ಶಸ್ತ್ರಚಿಕಿತ್ಸೆಗೆ ಕಣ್ಣು ಒಡ್ಡಬೇಕಾಯ್ತು. ಹನಿ ಕಂಡುಹಿಡಿದವನಿಗೂ ಬರೀ ಹನಿಯಿಂದ ಸಾಗಲಿಲ್ಲ.

ದಿನಕ್ಕೆ ನಾಲ್ಕು ಸಲ, ನೂರು ವರ್ಷ

ಮುಂದಿನ ನೂರು ವರ್ಷ ಪೈಲೋಕಾರ್ಪಿನ್‌ದೇ ರಾಜ್ಯ. ಅದನ್ನು ದಿನಕ್ಕೆ ನಾಲ್ಕು ಸಲ ಹಾಕಬೇಕು. ಹಾಕಿದ ಕೂಡಲೇ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತೆ, ಸಂಜೆ ಕತ್ತಲಾದ ಹಾಗೆ ಕಾಣುತ್ತೆ, ಹುಬ್ಬಿನ ಮೇಲೆ ನೋವು. ಇಲ್ಲಿ ನಿಂತು ಸ್ವಲ್ಪ ಯೋಚನೆ ಮಾಡಿ. ಕಾಯಿಲೆ ನೋವು ಕೊಡಲ್ಲ, ಔಷಧ ಕೊಡುತ್ತೆ. ಕಾಯಿಲೆಯಿಂದ ಇವತ್ತು ಚೆನ್ನಾಗೇ ಕಾಣ್ತಿದೆ, ಔಷಧದಿಂದ ಮಸುಕಾಗ್ತಿದೆ. ಹಾಕ್ಕೊಂಡರೆ ಲಾಭ ಕಣ್ಣಿಗೆ ಕಾಣಲ್ಲ, ಬಿಟ್ಟರೆ ನಷ್ಟವೂ ಇವತ್ತೇ ಕಾಣಲ್ಲ.

ಮುತ್ಯಾ ಇದನ್ನೇ ಒಂದು ದಿನ ಹೇಳಿದ್ದ. “ಹಾಕ್ಕೊಂಡ್ರೂ ಅಷ್ಟೇ ಕಾಣಸ್ತದ, ಬಿಟ್ರೂ ಅಷ್ಟೇ ಕಾಣಸ್ತದ. ಮತ್ತ್ಯಾಕ ಹಾಕ್ಕೋಬೇಕು?” ನಾನು ಬೈದು ಬಾಯಿ ಮುಚ್ಚಿಸಿದೆ. ಅದು ನಿಜವಾದ ಪ್ರಶ್ನೆ ಅಂತ ಆಗ ನನಗೆ ಹೊಳೀಲಿಲ್ಲ. ಎಲ್‌ಐಸಿ ಏಜೆಂಟರು ಟರ್ಮ್ ಪಾಲಿಸಿ ಮಾರೋಕೆ ಒದ್ದಾಡ್ತಾರಲ್ಲ, ಅದೇ ಕಷ್ಟ. ಕಂತು ಕಟ್ಟಿದರೆ ದುಡ್ಡು ವಾಪಸ್ ಬರಲ್ಲ. ಏನೂ ಆಗದೇ ಇರೋದೇ ಲಾಭ.

ಆಗಿನ ವೈದ್ಯರಿಗೂ ಇದು ಗೊತ್ತಿತ್ತು. 1909ರಲ್ಲಿ ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ರಾಬರ್ಟ್ ಹೆನ್ರಿ ಎಲಿಯಟ್ ಒಂದು ಹೊಸ ಶಸ್ತ್ರಚಿಕಿತ್ಸೆ ಶುರು ಮಾಡಿದ. ಕಣ್ಣಿನ ಅಂಚಿನಲ್ಲಿ ಒಂದು ಸಣ್ಣ ಗುಂಡನೆಯ ರಂಧ್ರ ಕೊರೆದು ನೀರಿಗೆ ಹೊಸ ದಾರಿ ಮಾಡಿಕೊಡೋದು. ಅದು ಜಗತ್ತಿನ ತುಂಬ ಎಲಿಯಟ್‌ನ ಹೆಸರಲ್ಲೇ ನಡೀತು. ದೂರದೂರಿನಿಂದ ಒಮ್ಮೆ ಬಂದು ಹೋಗುವ ಬಡವನಿಗೆ ದಿನಕ್ಕೆ ನಾಲ್ಕು ಸಲದ ಬಾಟಲಿ ಕೊಡೋದಕ್ಕಿಂತ, ಬಂದ ದಿನವೇ ಮಾಡಿ ಮುಗಿಸುವ ಕೆಲಸ ಎಷ್ಟು ಅನುಕೂಲ ಅನ್ನೋದು ಬಿಡಿಸಿ ಹೇಳಬೇಕಿಲ್ಲ. 1871ರಲ್ಲೇ ಬೊಂಬಾಯಿ ಕಡೆಯ ಹಳಿ, ಮದರಾಸ್ ಕಡೆಯ ಹಳಿ ರಾಯಚೂರಲ್ಲಿ ಕೂಡಿದ್ದವು. ಯಾದಗಿರಿ ಆ ಹಳಿಯ ಮೇಲೇ ಇತ್ತು. ಆದರೆ ಶಹಾಪುರ, ಸುರಪುರಕ್ಕೆ ಇವತ್ತಿಗೂ ರೈಲಿಲ್ಲ.

ಶಿಬಿರ ಕಲಿಸಿದ ಪಾಠ

ನಮ್ಮ ಭಾಗದಲ್ಲಿ ಕಣ್ಣಿನ ಚಿಕಿತ್ಸೆ ಅಂದ್ರೆ ಹಿರಿಯರ ಬಾಯಲ್ಲಿ ಮೊದಲು ಬರೋ ಹೆಸರು ಡಾಕ್ಟರ್ ಮೋದಿ. ಮುರಿಗೆಪ್ಪ ಚನ್ನವೀರಪ್ಪ ಮೋದಿ, 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದವರು, 2005ರಲ್ಲಿ ತೀರಿಕೊಂಡರು. ಊರೂರಿಗೆ ಹೋಗಿ ಕಣ್ಣಿನ ಶಿಬಿರ ಮಾಡಿ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರ ಹೆಸರಲ್ಲಿ ಗಿನ್ನೆಸ್ ಪುಸ್ತಕ ಸೇರಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ. ಅವರಿಂದ ಬೆಳಕು ಕಂಡವರು ಲಕ್ಷಗಟ್ಟಲೆ ಮಂದಿ. ಅದಕ್ಕೆ ಕೈ ಮುಗೀಬೇಕು.

ಆದರೆ ಆ ಶಿಬಿರಗಳು ನಮ್ಮ ನೆನಪಲ್ಲಿ ಒಂದು ಚಿತ್ರ ಬಿಟ್ಟು ಹೋದವು. ಕಾಣದವನು ಕೈ ಹಿಡಿಸಿಕೊಂಡು ಹೋದ, ಪಟ್ಟಿ ಕಟ್ಟಿಸಿಕೊಂಡ, ಪಟ್ಟಿ ಬಿಚ್ಚಿದಾಗ ಮೊಮ್ಮಗನ ಮುಖ ಕಂಡಿತು. ಕಣ್ಣಿನ ಚಿಕಿತ್ಸೆ ಅಂದ್ರೆ ಹೀಗೆ, ಒಂದು ದಿನ ನಡೆದು ಮುಗಿಯುವ ಕೆಲಸ, ಕೊನೆಗೆ ಕಳೆದದ್ದು ವಾಪಸ್ ಬರಬೇಕು. 1976ರಲ್ಲಿ ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂದಾಗಲೂ ಮುಖ್ಯ ಶತ್ರು ಪೊರೆಯೇ. ಗುರಿ ಎಣಿಸ್ತಿದ್ದದ್ದು ಇಷ್ಟು ಆಪರೇಷನ್ ಅನ್ನೋ ಲೆಕ್ಕದಲ್ಲಿ. ಅದು ತಪ್ಪಲ್ಲ, ಪೊರೆಯಿಂದ ಕಣ್ಣು ಕಳಕೊಂಡವರೇ ಹೆಚ್ಚು. ಆದರೆ ಒಬ್ಬ ಮನುಷ್ಯ ಮುನ್ನೂರ ಅರವತ್ತೈದು ರಾತ್ರಿ ಹನಿ ಹಾಕ್ಕೊಂಡ ಅನ್ನೋದನ್ನ ಬರೆಯೋಕೆ ಯಾವ ರಿಜಿಸ್ಟರಲ್ಲಿ ಕಾಲಂ ಇದೆ?

ಮುತ್ಯಾನಿಗೆ ನಾವು ಗ್ಲಾಕೋಮಾ ಅಂದಾಗ ಅವನು ಕೇಳಿದ್ದು ಒಂದೇ ಮಾತು, “ಮೋತಿಬಿಂದು ಅಲ್ಲೇನು? ತೆಗಸಿಬಿಡ್ರಿ ಮತ್ತ.” ಆಸ್ಪತ್ರೆಯಲ್ಲಿ ಆ ದಿನ ಗದ್ದಲವೋ ಗದ್ದಲ. ಡಾಕ್ಟರ್ ಅರ್ಧ ನಿಮಿಷದಲ್ಲಿ, ಅದೂ ಅರ್ಧ ಇಂಗ್ಲಿಷಿನಲ್ಲಿ, ಲೈಫ್‌ಲಾಂಗ್ ಹಾಕ್ಕೋಬೇಕು ಅಂದ್ರು. ಇದು ಹೋದದ್ದನ್ನ ತರಲ್ಲ, ಇದ್ದದ್ದನ್ನ ಉಳಿಸುತ್ತೆ ಅನ್ನೋ ಒಂದು ವಾಕ್ಯ ಯಾರೂ ಅವನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ತಿಂಗಳು ಹನಿ ಹಾಕಿ ನೋಡಿದ, ಹೋದ ಕಣ್ಣು ಬರಲಿಲ್ಲ. ಅವನ ಲೆಕ್ಕದಲ್ಲಿ ಔಷಧ ಫೇಲ್.

97 ಮತ್ತು 76

ಈಗ ನನ್ನ ಸಿಟ್ಟು ಕರಗಿಸಿದ ಭಾಗಕ್ಕೆ ಬರ್ತೀನಿ.

1971ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. ದಿನಕ್ಕೆ ಮೂರು ಸಲ ಹನಿ ಹಾಕದಿದ್ದರೆ ಕುರುಡಾಗ್ತೀರಿ ಅಂತ ನೇರವಾಗಿ ಹೇಳಿಸಿಕೊಂಡ ರೋಗಿಗಳು ಅವರು. ಸರಿಯಾಗಿ ಹಾಕ್ತಿದ್ದವರು 100ಕ್ಕೆ 42. ಇನ್ನೂ ಆಶ್ಚರ್ಯ ಏನಂದ್ರೆ, ಒಂದು ಕಣ್ಣು ಕಾನೂನಿನ ಲೆಕ್ಕದಲ್ಲಿ ಕುರುಡಾದ ಮೇಲೂ ಆ ಸಂಖ್ಯೆ 60 ಮುಟ್ಟಲಿಲ್ಲ. ಹೆದರಿಕೆ ಸಾಕಾಗಲ್ಲ ಅಂತ ಆಗಲೇ ಗೊತ್ತಾಗಿತ್ತು.

ಆಮೇಲೆ 1986. ಅಮೆರಿಕದ ಸೇಂಟ್ ಲೂಯಿಸ್‌ನ ಡಾಕ್ಟರ್ ಮೈಕೆಲ್ ಕ್ಯಾಸ್ ಮತ್ತು ಅವರ ಜೊತೆಗಾರರು ಪೈಲೋಕಾರ್ಪಿನ್ ಬಾಟಲಿಗೆ ಒಂದು ಸಣ್ಣ ಯಂತ್ರ ಜೋಡಿಸಿದರು. ಯಾವಾಗ ಹನಿ ಹಾಕಿದರು ಅನ್ನೋದು ಅದರಲ್ಲಿ ತಾನಾಗೇ ದಾಖಲಾಗ್ತಿತ್ತು. 184 ರೋಗಿಗಳು. ಕೇಳಿದಾಗ ಅವರು ಹೇಳಿದ ಲೆಕ್ಕ, 100ರಲ್ಲಿ 97 ಸಲ ಹಾಕ್ಕೊಂಡಿದ್ದೀವಿ. ಯಂತ್ರ ಹೇಳಿದ್ದು 76. ಅರ್ಧಕ್ಕಿಂತ ಕಡಿಮೆ ಹಾಕಿದವರು 100ಕ್ಕೆ 15 ಮಂದಿ. ಮತ್ತೆ ಡಾಕ್ಟರ್ ಹತ್ತಿರ ಹೋಗೋದಕ್ಕೆ ಹಿಂದಿನ 24 ಗಂಟೆ ಮಾತ್ರ ಅದೇ ಲೆಕ್ಕ 90 ದಾಟಿತ್ತು. ಆಡಿಟರ್ ಬರೋ ಹಿಂದಿನ ರಾತ್ರಿ ಪುಸ್ತಕ ಬರೆದು ಮುಗಿಸ್ತಾರಲ್ಲ, ಹಾಗೆ. ಪರಿಣಾಮ ಏನು? ಆಸ್ಪತ್ರೆಯಲ್ಲಿ ಒತ್ತಡ ಸರಿಯಾಗೇ ಕಾಣುತ್ತೆ, ನರ ಮಾತ್ರ ಸಾಯ್ತಾ ಇರುತ್ತೆ. ಯಾರು ಸರಿಯಾಗಿ ಹಾಕ್ತಿಲ್ಲ ಅಂತ ಗುರುತಿಸೋಕೆ ಡಾಕ್ಟರಿಗೂ ಆಗ್ತಿರಲಿಲ್ಲ.

ಇದನ್ನು ಓದಿದ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಸೇಂಟ್ ಲೂಯಿಸ್‌ನಲ್ಲಿ ಓದು ಇತ್ತು, ಕಾರು ಇತ್ತು, ದೊಡ್ಡ ಆಸ್ಪತ್ರೆ ಇತ್ತು. ಅಲ್ಲಿಯ ಅಜ್ಜಂದಿರೂ “ಹಾಕ್ಕೊಂಡೀನಿ ತಮ್ಮಾ” ಅಂತಲೇ ಹೇಳಿದ್ದರು. ಹಳ್ಳಿ ಮಂದಿ ಬುದ್ಧಿ ಅಂತ ನಾನು ಯಾವುದಕ್ಕೆ ಬೈದೆನೋ ಅದು ಮನುಷ್ಯರ ಬುದ್ಧಿ. ಅವರೆಲ್ಲ ಬೇಕಂತ ಸುಳ್ಳು ಹೇಳಿದವರೂ ಅಲ್ಲ. ಕೆಲವರು ಮರೆತದ್ದನ್ನೇ ಮರೆತಿರ್ತಾರೆ. ಕೆಲವರು ಬೈಸಿಕೊಳ್ಳೋದು ಬೇಡ ಅಂತ ಹೇಳಿರ್ತಾರೆ. ನನ್ನ ಫೋನಿನ ಪ್ರಶ್ನೆಯಲ್ಲಿ ಉತ್ತರ ಮೊದಲೇ ಇತ್ತು. ಇಲ್ಲ ಅಂದಿದ್ದರೆ ಬೈಗುಳ, ಹೌದು ಅಂದರೆ ಮಳೆ ಬೆಳೆ ಮಾತು. ಮುತ್ಯಾ ಮಾತು ಆರಿಸಿಕೊಂಡ.

ಫ್ರಿಜ್ ಇಲ್ಲದ ಊರಿಗೆ ಫ್ರಿಜ್‌ನ ಔಷಧ

ಔಷಧ ಮಾತ್ರ ಸುಧಾರಿಸ್ತಾ ಬಂತು. 1978ರಲ್ಲಿ ಅಮೆರಿಕದಲ್ಲಿ ಟಿಮೊಲಾಲ್‌ಗೆ ಅನುಮತಿ ಸಿಕ್ಕಿತು. ದಿನಕ್ಕೆ ಎರಡೇ ಸಲ, ಪಾಪೆ ಸಣ್ಣದಾಗಲ್ಲ. ಆದರೆ ದಮ್ಮು ಇರೋರಿಗೆ, ನಾಡಿ ನಿಧಾನ ಇರೋರಿಗೆ ಅಪಾಯ. 1996ರಲ್ಲಿ ಲಟಾನೊಪ್ರಾಸ್ಟ್ ಬಂತು. ರಾತ್ರಿ ಒಂದೇ ಸಲ. ನಾಲ್ಕಿದ್ದದ್ದು ಒಂದಕ್ಕೆ ಇಳಿಯೋಕೆ ನೂರಿಪ್ಪತ್ತು ವರ್ಷ ಹಿಡಿಯಿತು.

2002ರಲ್ಲಿ ಹನಿಯಿಂದ ನಿಜವಾಗ್ಲೂ ಉಪಯೋಗ ಇದೆಯಾ ಅನ್ನೋದಕ್ಕೂ ಗಟ್ಟಿ ಉತ್ತರ ಸಿಕ್ಕಿತು. ಒತ್ತಡ ಹೆಚ್ಚಿದ್ದೂ ಇನ್ನೂ ಗ್ಲಾಕೋಮಾ ಆಗದ 1,636 ಜನರನ್ನ ಅಮೆರಿಕದಲ್ಲಿ ಐದು ವರ್ಷ ಗಮನಿಸಿದರು. ಹನಿ ಇಲ್ಲದವರಲ್ಲಿ 100ಕ್ಕೆ 9.5 ಮಂದಿಗೆ ಕಾಯಿಲೆ ಬಂತು, ಹನಿ ಹಾಕಿದವರಲ್ಲಿ 4.4 ಮಂದಿಗೆ. ಅರ್ಧಕ್ಕಿಂತ ಕಡಿಮೆ. ಮುತ್ಯಾನ ಪ್ರಶ್ನೆಗೆ ಇದೇ ಉತ್ತರ. ಅದು ನನ್ನ ಕೈಗೆ ಸಿಗುವ ಹೊತ್ತಿಗೆ ಕೇಳಿದವನೇ ಇರಲಿಲ್ಲ.

ಹೊಸ ಹನಿಗೆ ಹೊಸ ಷರತ್ತು. ಲಟಾನೊಪ್ರಾಸ್ಟ್‌ನ ಮೂಲ ಬಾಟಲಿ ಸೀಲ್ ಒಡೆಯೋವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಒಡೆದ ಮೇಲೂ 25 ಡಿಗ್ರಿ ಒಳಗೆ, ಕೆಲವು ವಾರದಲ್ಲಿ ಮುಗಿಸಬೇಕು. ಹೊರಗೇ ಇಡಬಹುದಾದ ಬಗೆಗಳೂ ಈಗ ಬಂದಿವೆ, ಡಬ್ಬಿಯ ಮೇಲೆ ಓದಿ ನೋಡಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ದಾಟುತ್ತೆ. ನಮ್ಮೂರಲ್ಲಿ ಕರೆಂಟ್ ಹೋದರೆ ಬರೋದು ಯಾವಾಗಲೋ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಫ್ರಿಜ್ ಇದೆ, ಅದು ಶಹಾಪುರದಲ್ಲಿ. ಮುತ್ಯಾ ಊರಲ್ಲಿ. ಹಾಗಾಗಿ ಅವನು ಮೊದಮೊದಲು ಬಾಟಲಿಗೆ ದಾರ ಕಟ್ಟಿ, ಪ್ಲಾಸ್ಟಿಕ್ ಸುತ್ತಿ, ನೀರಿನ ಹರವಿಯೊಳಗೆ ಇಳಿಬಿಡ್ತಿದ್ದ. ಅಂದರೆ ಶುರುವಿನಲ್ಲಿ ಅವನು ನಮಗಿಂತ ಹೆಚ್ಚು ಕಾಳಜಿ ಮಾಡಿದ್ದ. ಇದೂ ನನಗೆ ಆಮೇಲೆ ಹೊಳೆದದ್ದು.

ಇನ್ನು ಹಾಕೋ ಕೆಲಸ. ಬಾಟಲಿ ಮಾಡೋರು ಎಪ್ಪತ್ತು ದಾಟಿದ, ಹತ್ತಿ ಬಿಡಿಸಿ ಬಿಡಿಸಿ ಬೆರಳು ಗಟ್ಟಿಯಾದ ಕೈಯನ್ನ ನೆನೆಸಿಕೊಂಡು ಮಾಡಿಲ್ಲ. ತಲೆ ಮೇಲೆತ್ತಿ, ಮಸುಕು ಕಣ್ಣಿನಿಂದ, ನಡುಗೋ ಕೈಯಿಂದ ಗುರಿ ಇಡಬೇಕು. ದೆಹಲಿಯ ಏಮ್ಸ್ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ರೋಗಿಗಳು ಹನಿ ಹಾಕ್ಕೊಳ್ಳೋದನ್ನ ಎದುರಿಗೆ ನೋಡಿದರು. ಸರಿಯಾಗಿ ಹಾಕಿಕೊಂಡವರು 10ಕ್ಕೆ ಒಬ್ಬರೂ ಇರಲಿಲ್ಲ.

ನನ್ನ ಲೆಕ್ಕ ಕೇಳಿ. ಎರಡೂವರೆ ಎಂಎಲ್ ಅಂದ್ರೆ ಸುಮಾರು 80 ಹನಿ. ಎರಡು ಕಣ್ಣಿಗೆ ರಾತ್ರಿ ಒಂದೊಂದು ಹನಿ ಅಂದ್ರೆ 40 ದಿನ. ಪ್ರತಿ ಸಲ ಒಂದು ಹನಿ ಕೆನ್ನೆಗೆ ಬಿದ್ದು ಮತ್ತೊಂದು ಹಾಕಿದರೆ 20 ದಿನಕ್ಕೆ ಖಾಲಿ. ನಾನು ತರೋದು ತಿಂಗಳಿಗೆ ಒಂದು. ನಡುವಿನ 10 ದಿನ? “ಲಗೂ ಖಾಲಿ ಆತು” ಅಂದರೆ ನಾನು ಅಂತಿದ್ದೆ, “ನೋಡಿ ಹಾಕ್ಕೋ ಮುತ್ಯಾ, ನಾಲ್ಕುನೂರು ರೂಪಾಯಿ ಹತ್ರ ಆಗ್ತದ.” ಎರಡು ಸಲ ಅಂದಿರಬಹುದು. ಮೂರನೇ ಸಲ ಅವನು ಹೇಳಲಿಲ್ಲ. ಉಳಿಸಿಡೋಕೆ ಶುರು ಮಾಡಿದ. ಟ್ರಂಕಿನಲ್ಲಿದ್ದದ್ದು ಬರೀ ಹಟ ಅಲ್ಲ, ಉಳಿತಾಯವೂ ಇರಬಹುದು.

ನಮ್ಮ ಜಿಲ್ಲೆಯ ಇನ್ನೊಂದು ಸತ್ಯ ಗುಳೆ. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಬೇರೆ ಜಿಲ್ಲೆ ಆಯ್ತು. ಕಲಬುರಗಿ ದೂರ ಅನ್ನೋ ಕಷ್ಟ ಸ್ವಲ್ಪ ತಗ್ಗಿತು. ಆದರೆ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮುಂಬೈ, ಪುಣೆ ಕಡೆ ಕಟ್ಟಡ ಕೆಲಸಕ್ಕೆ ಹೋಗೋ ಸಂಸಾರ ನಿಂತಿಲ್ಲ. ಮಗ ಸೊಸೆ ಗುಳೆ ಹೋದ ಮನೆಯಲ್ಲಿ ಉಳಿಯೋದು ಮುದುಕರು. ಹನಿ ಹಾಕೋ ಕೈ ಹೋಯ್ತು, ಬಾಟಲಿ ತರೋ ಕಾಲೂ ಹೋಯ್ತು. ಡಾಕ್ಟರ್ ಚೀಟಿಯಲ್ಲಿ ಬರೆಯೋದು ಒಬ್ಬರ ಹೆಸರು, ಹನಿ ಬೀಳಬೇಕಾದರೆ ಇಡೀ ಮನೆ ಬೇಕು.

ಹಾಗಾದರೆ ಏನು ಮಾಡೋದು?

ನಾನು ಡಾಕ್ಟರ್ ಅಲ್ಲ. ಯಾವ ಔಷಧ, ಎಷ್ಟು ಸಲ ಅನ್ನೋದನ್ನ ನಿಮ್ಮ ಡಾಕ್ಟರನ್ನೇ ಕೇಳಿ. ಓದಿದ್ದನ್ನ ಮಾತ್ರ ಹೇಳ್ತೀನಿ.

1979ರಲ್ಲಿ ಸ್ವೀಡನ್ನಿನ ಸ್ಟಾಫನ್ ನೊರೆಲ್ ಒಂದು ಸರಳ ಪ್ರಯೋಗ ಮಾಡಿದ. ರೋಗಿಗೆ ಕಾಯಿಲೆ ಏನು ಅಂತ ಕೂತು ವಿವರಿಸೋದು, ಮತ್ತೆ ಹನಿಯ ಹೊತ್ತನ್ನ ಅವನು ದಿನಾ ಹೇಗೂ ಮಾಡುವ ಒಂದು ಕೆಲಸಕ್ಕೆ ಗಂಟು ಹಾಕೋದು. ತಪ್ಪಿ ಹೋಗುವ ಹನಿಗಳು ಕಡಿಮೆಯಾದವು. ಗಡಿಯಾರದ ಒಂಬತ್ತು ಗಂಟೆ ಅಂದ್ರೆ ಮರೆಯುತ್ತೆ, ಊಟ ಆದ ಮೇಲಿನ ಎಲೆ ಅಡಿಕೆ ಅಂದ್ರೆ ಮರೆಯಲ್ಲ.

ಎರಡನೇದು, ಹಾಕೋದನ್ನ ಎದುರಿಗೆ ನೋಡಬೇಕು. ಮಲಗಿಕೊಂಡು ಕೆಳರೆಪ್ಪೆ ಎಳೆದು ಒಂದೇ ಹನಿ. ಒಂದಕ್ಕಿಂತ ಹೆಚ್ಚು ಹಿಡಿಯೋ ಜಾಗ ಕಣ್ಣಲ್ಲಿ ಇಲ್ಲ, ಉಳಿದದ್ದು ಕೆನ್ನೆಗೇ. ಆಮೇಲೆ ಒಂದೆರಡು ನಿಮಿಷ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆ ಬೆರಳಲ್ಲಿ ಒತ್ತಬೇಕು. ಎರಡು ಬೇರೆ ಹನಿ ಇದ್ದರೆ ನಡುವೆ ಐದು ನಿಮಿಷ.

ಮೂರನೇದು, ಹನಿ ಆಗಲ್ಲ ಅನ್ನೋರಿಗೆ ಬೇರೆ ದಾರಿಯೂ ಇದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಮೊದಲೇ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮೂರು ವರ್ಷ ಹನಿ ಇಲ್ಲದೇ ಒತ್ತಡ ಹಿಡಿತದಲ್ಲಿ ಇಟ್ಟುಕೊಂಡಿದ್ದರು. ಎಲ್ಲರಿಗೂ ಆಗಲ್ಲ, ಆದರೆ ಡಾಕ್ಟರನ್ನ ಕೇಳೋದಕ್ಕೆ ಅಡ್ಡಿ ಇಲ್ಲ. ಮುತ್ಯಾ “ತೆಗಸಿಬಿಡ್ರಿ ಮತ್ತ” ಅಂದಾಗ ನಾನು ನಕ್ಕಿದ್ದೆ. ಒಂದೇ ದಿನದಲ್ಲಿ ಮುಗಿಯೋ ಚಿಕಿತ್ಸೆ ಬೇಕು ಅನ್ನೋದು ಅವನ ಹಕ್ಕಿನ ಬೇಡಿಕೆ. ಎಲಿಯಟ್ ಮದರಾಸಿನಲ್ಲಿ ಕೆಲಸ ಮಾಡಿದ್ದೂ ಅಂಥವರಿಗಾಗಿಯೇ.

ಕೊನೆಯದು ನಮ್ಮ ಮನೆಯದು. ಗ್ಲಾಕೋಮಾ ಇದ್ದವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಅದು ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಟ್ರಂಕ್ ತೆಗೆದ ಮೇಲಿನ ತಿಂಗಳೇ ಅಪ್ಪನನ್ನ ಪರೀಕ್ಷೆಗೆ ಕರ್ಕೊಂಡು ಹೋದೆ. ಎರಡೂ ಕಣ್ಣಿನ ಒತ್ತಡ ಜಾಸ್ತಿ, ಎಡಗಣ್ಣಿನ ನರದಲ್ಲಿ ಹಾನಿ ಶುರುವಾಗಿದೆ. ಅವನಿಗೂ ರಾತ್ರಿ ಒಂದು ಹನಿ. ನನ್ನ ಕಣ್ಣೂ ತೋರಿಸಿದೆ, ಸದ್ಯಕ್ಕೆ ಸರಿ ಇದೆ, ಆದರೆ ತಪ್ಪದೇ ಬಂದು ತೋರಿಸ್ತಾ ಇರು ಅಂದ್ರು.

ಅಪ್ಪ ದಿನಾ ರಾತ್ರಿ ಅಂಗಡಿ ಮುಚ್ಚೋ ಮುಂಚೆ ಗಲ್ಲಾ ಎಣಿಸ್ತಾನೆ. ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ. ಹನಿಯನ್ನ ಅದಕ್ಕೇ ಗಂಟು ಹಾಕಿದ್ವಿ. ಬಾಟಲಿ ಅಂಗಡಿಯ ಫ್ರಿಜ್‌ನಲ್ಲಿ, ತಂಪು ಪಾನೀಯದ ಪಕ್ಕ. ಗಲ್ಲಾ ಎಣಿಸಿ, ವಹಿಯಲ್ಲಿ ಮೊತ್ತ ಬರೆದು, ಹನಿ ಹಾಕ್ಕೊಂಡು, ವಹಿಯ ಅಂಚಿನಲ್ಲಿ ಒಂದು ಚುಕ್ಕಿ ಇಡಬೇಕು.

ನಾನು ಕೇಳೋ ಪ್ರಶ್ನೆಯನ್ನೂ ಬದಲಾಯಿಸಿದ್ದೀನಿ. “ಹಾಕ್ಕೊಂಡೇನು?” ಅಂತ ಕೇಳಲ್ಲ. “ಈ ವಾರ ಎಷ್ಟು ದಿನ ತಪ್ಪಿತು?” ಅಂತೀನಿ. ತಪ್ಪುತ್ತೆ ಅಂತ ನಾನೇ ಮೊದಲು ಒಪ್ಪಿಕೊಂಡ ಹಾಗಾಯ್ತಲ್ಲ.

ಹೋದ ವಾರ ಕೇಳಿದೆ. ಅಪ್ಪ ವಹಿ ತೆಗೆದು ನೋಡಿದ. “ಎರಡು ದಿನ ಹಾಕ್ಕೊಂಡಿಲ್ಲಪ್ಪ. ಸೋಮವಾರ ಮದುವಿಗಿ ಹೋಗಿದ್ವಿ, ಅಂಗಡಿನೇ ತೆಗೆದಿಲ್ಲ. ಮರುದಿನ ಸುಮ್ನ ಮರತೆ.”

ಮುತ್ಯಾನ ಬಾಯಿಂದ ಇಂಥ ಒಂದು ಉತ್ತರ ನನಗೆ ಯಾವತ್ತೂ ಸಿಗಲಿಲ್ಲ. ಅಂಗಡಿ ಮುಚ್ಚಿದ ದಿನಕ್ಕೆ ಬೇರೆ ಏನು ಮಾಡೋದು ಅಂತ ಅಪ್ಪ, ನಾನು ಕೂತು ಯೋಚನೆ ಮಾಡಿದ್ವಿ. ಅಂಗಡಿ ಬೀಗದ ಕೈ ಹೇಗೂ ಅವನ ಜೊತೆಗೇ ಮನೆಗೆ ಬರುತ್ತೆ. ಒಮ್ಮೆ ಸೀಲ್ ಒಡೆದ ಬಾಟಲಿ ಫ್ರಿಜ್‌ನಲ್ಲೇ ಇರಬೇಕಂತಿಲ್ಲ. ಅದನ್ನ ಬೀಗದ ಕೈ ಇಡೋ ಡಬ್ಬಿಯಲ್ಲೇ, ಬಿಸಿಲು ತಾಗದ ಗೂಡಿನಲ್ಲಿ ಇಡೋದು ಅಂತಾಯ್ತು. ಬೇಸಿಗೆ ಬಂದಾಗ ಮತ್ತೆ ಯೋಚನೆ ಮಾಡೋಣ ಅಂದ ಅಪ್ಪ.

ನಿಮ್ಮ ಮನೆಯಲ್ಲಿ ಇಂಥ ಬಾಟಲಿ ಇದ್ದರೆ ಇವತ್ತು ರಾತ್ರಿ ಅವರ ಪಕ್ಕ ಒಂದು ಸಲ ಕೂತು ನೋಡಿ, ಬೈಬೇಡಿ. 40 ದಾಟಿದ್ದು ಇನ್ನೂ ಕಣ್ಣಿನ ಒತ್ತಡ ನೋಡಿಸಿಲ್ಲ ಅಂದ್ರೆ, ಚಷ್ಮಾ ನಂಬರ್ ತೋರಿಸೋಕೆ ಹೋದಾಗ ಅದನ್ನೂ ನೋಡ್ರಿ ಅಂತ ಬಾಯಿಬಿಟ್ಟು ಕೇಳಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಕೋಟೆಗೆ ಹೋಗೋಣ.